ಗಾಬ್ಲಿನ್‌ಗೊಂದು ಹೆಸರು ಬೇಕೆ? ಕಬ್ಬಿನ ಗದ್ದೆ ಕಡೆ ಬನ್ನಿ

ದಾಳ, ಪೆನ್ಸಿಲ್, ನಾಲ್ಕು ಹಾಳೆ, ನಾಲ್ಕೈದು ಮಂದಿ ಗೆಳೆಯರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಥರದ ಮೇಜಿನ ಆಟಕ್ಕೆ ಇಷ್ಟಿದ್ದರೆ ಸಾಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟವಿದು. ಇದರಲ್ಲಿ ಒಬ್ಬ ನಮ್ಮ ಸಣ್ಣಾಟದ ಭಾಗವತನಂತೆ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಹೊಸಬರ ಗುಂಪಿಗೆ ಮೊದಲು ಎದುರಾಗುವುದು ಸಾಮಾನ್ಯವಾಗಿ ಗಾಬ್ಲಿನ್‌ಗಳೇ. ಕುಳ್ಳ ದೇಹ, ಅಗಲ ಕಿವಿ, ಚೂಪು ಹಲ್ಲು, ಗವಿಯಲ್ಲಿ ವಾಸ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುವ ಚಾಳಿ. ಒಂದನ್ನು ಹಿಡಿದು ಕಟ್ಟಿಹಾಕಿದ ಆಟಗಾರರು ‘ಏನಲೇ ನಿನ್ನ ಹೆಸರು?’ ಅಂತ ಕೇಳುತ್ತಾರೆ. ಕಥೆ ನಡೆಸುವವ ತಡವರಿಸುತ್ತಾನೆ: ‘ಗ್ರ... ಗ್ರಜ್‌ನಾಕ್’. ಮುಂದಿನ ರವಿವಾರ ಆ ಹೆಸರು ಅವನಿಗೇ ನೆನಪಿರುವುದಿಲ್ಲ.

ಗಾಬ್ಲಿನ್ ಹೆಸರು ಹೆತ್ತವರು ಪಂಚಾಂಗ ನೋಡಿ ಇಟ್ಟದ್ದಲ್ಲ, ಓಣಿಯವರು ಕರೆದು ಕರೆದು ಅಂಟಿಸಿದ್ದು. ಇಷ್ಟು ಒಪ್ಪಿದರೆ ಮುಂದಿನದೆಲ್ಲ ಸಲೀಸು. ಹಾಗೆ ಹೆಸರು ಅಂಟಿಸುವ ಕಲೆಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕನ್ನಡ, ಮರಾಠಿ ಎರಡೂ ಒಂದೇ ಕಟ್ಟೆಯ ಮೇಲೆ ಕೂತು ಹರಟುವ ಸೀಮೆ ಇದು.

ಮೊದಲು ವಿಭಕ್ತಿ ಹಚ್ಚಿ ನೋಡಿ

ಇಂಗ್ಲಿಷ್ ಕಥೆಗಳ ಗಾಬ್ಲಿನ್ ಹೆಸರುಗಳಿಗೆ ತಮ್ಮದೇ ಸೊಗಸಿದೆ. ಟೋಲ್ಕಿನ್ 1937ರ ‘ದಿ ಹಾಬಿಟ್’ನಲ್ಲಿ ಬೊಲ್ಗ್, ಗೋಲ್ಫಿಂಬುಲ್ ಎಂದೆಲ್ಲ ಇಟ್ಟ. ಗೋಲ್ಫಿಂಬುಲ್‌ನ ತಲೆ ದೊಣ್ಣೆಯೇಟಿಗೆ ಹಾರಿ ಮೊಲದ ಬಿಲಕ್ಕೆ ಬಿತ್ತು, ಗಾಲ್ಫ್ ಆಟ ಹುಟ್ಟಿದ್ದೇ ಹಾಗೆ ಎಂಬ ಕುಚೋದ್ಯವೂ ಅಲ್ಲಿದೆ. 2014ರಲ್ಲಿ ಹೊಸಬರಿಗೆಂದು ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪೆಟ್ಟಿಗೆಯಲ್ಲಿ ಯೀಮಿಕ್ ಎಂಬ ಗಾಬ್ಲಿನ್ ಇದ್ದಾನೆ, ತನ್ನ ನಾಯಕನನ್ನು ಉರುಳಿಸಲು ಹೊಂಚು ಹಾಕುವವನು. ಹೆಸರು ಗಿಡ್ಡ, ದನಿ ಒರಟು. ಆದರೆ ಇವೆಲ್ಲ ವ್ಯಂಜನದಲ್ಲಿ ಮುಗಿಯುತ್ತವೆ, ನಮ್ಮ ನಾಲಗೆಗೆ ಕೊನೆಯಲ್ಲೊಂದು ಸ್ವರ ಬೇಕು. ‘ಗ್ರಜ್‌ನಾಕ್‌ನಿಗೆ ರೊಕ್ಕ ಕೊಟ್ಟೆ’, ‘ಗ್ರಜ್‌ನಾಕ್‌ನ ಚಾಕು ಕಸಕೊಂಡೆ’ ಎನ್ನುವಷ್ಟರಲ್ಲಿ ಗಾಬ್ಲಿನ್ ಗುಡ್ಡ ದಾಟಿರುತ್ತದೆ. ಬದಲಿಗೆ ಗೊರ್ಯಾ ಎಂದು ಹೆಸರಿಟ್ಟು ‘ಗೊರ್ಯಾಗ ರೊಕ್ಕ ಕೊಟ್ನಿ’, ‘ಗೊರ್ಯಾನ ಚಾಕು ಕಸಕೊಂಡ್ನಿ’, ‘ಏ ಗೊರ್ಯಾ, ನಿಲ್ಲಲೇ!’ ಎಂದು ನೋಡಿ. ಯಾವುದೇ ಹೆಸರನ್ನು ಹಾಳೆಗೆ ಇಳಿಸುವ ಮೊದಲು ಈ ಮೂರು ವಾಕ್ಯ ಬಾಯಿಬಿಟ್ಟು ಹೇಳಿ. ಎಲ್ಲಿ ನಾಲಗೆ ತೊಡರುತ್ತದೋ ಆ ಹೆಸರು ಬಿಡಿ.

‘ಅಪ್ಪ’ ಕಡಿಯಿರಿ, ‘ಯಾ’ ಹಚ್ಚಿರಿ

ಬೈಲಹೊಂಗಲ ಕಡೆಯ ಪ್ರಸಿದ್ಧ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದ ಹೆಸರಲ್ಲೇ ಸೂತ್ರವಿದೆ. ಸಂಗಪ್ಪ ಸಂಗ್ಯಾ ಆಗುತ್ತಾನೆ, ಬಾಳಪ್ಪ ಬಾಳ್ಯಾ. ಬಸಪ್ಪ ಬಸ್ಯಾ, ಸಿದ್ದಪ್ಪ ಸಿದ್ಯಾ, ಪರಸಪ್ಪ ಪರಸ್ಯಾ. ಕೊನೆಯ ‘ಅಪ್ಪ’ ಹಾರಿಸಿ, ಉಳಿದ ವ್ಯಂಜನಕ್ಕೆ ‘ಯಾ’ ಕೂಡಿಸಿದರೆ ಆಯಿತು. ಹೆಣ್ಣಾದರೆ ‘ಅವ್ವ’ ಹಾರಿ ‘ಇ’ ಬರುತ್ತದೆ: ಗಂಗವ್ವ ಗಂಗಿ, ನಿಂಗವ್ವ ನಿಂಗಿ. ಮರಾಠಿಯಲ್ಲೂ ಬಂಡ್ಯಾ, ಪಿಂಟ್ಯಾ ಇದ್ದಾರೆ, ಹಾಗಾಗಿ ನಿಪ್ಪಾಣಿಯ ಮೇಜಿನಲ್ಲಿ ಇದಕ್ಕೆ ಯಾರೂ ಅರ್ಥ ಕೇಳುವುದಿಲ್ಲ.

ಈ ‘ಯಾ’ದಲ್ಲಿ ಸಲಿಗೆಯೂ ಇದೆ, ತಾತ್ಸಾರವೂ ಇದೆ. ಗೆಳೆಯನೂ ಬಸ್ಯಾ ಅನ್ನುತ್ತಾನೆ, ಸಾಲ ಕೊಟ್ಟವನೂ ಬಸ್ಯಾ ಅನ್ನುತ್ತಾನೆ. ಗಾಬ್ಲಿನ್‌ಗೆ ಬೇಕಾದದ್ದೂ ಇದೇ: ಅದನ್ನು ನೋಡಿ ನಗಬೇಕು, ಅದಕ್ಕೆ ಬೆನ್ನು ತಿರುಗಿಸಿ ನಿಲ್ಲಲು ಮಾತ್ರ ಧೈರ್ಯ ಬರಬಾರದು.

ಗಾಬ್ಲಿನ್ ಹುಟ್ಟಿದ್ದೇ ‘ಯಾ’ ಆಗಿ, ಅದರ ಹಿಂದೆ ಪೂರ್ತಿ ಹೆಸರು ಇಲ್ಲವೇ ಇಲ್ಲ ಎಂದಿಟ್ಟುಕೊಳ್ಳಿ. ‘ಅಪ್ಪ’ ಎಂಬುದು ಅದು ಗಳಿಸಬೇಕಾದ ಪದವಿ. ಕಳ್ಳತನದಲ್ಲಿ ಕೈ ಪಳಗಿದ ಗೊರ್ಯಾ ಗೊರಪ್ಪ ಆಗುತ್ತಾನೆ. ಹತ್ತು ಮಂದಿ ಬೆನ್ನಿಗೆ ನಿಂತರೆ ಗೊರಪ್ಪಣ್ಣ, ಗವಿ ತನ್ನದಾದರೆ ಗೊರಪ್ಪಗೌಡ್ರು. ಮುದುಕನಾದ ಮೇಲೆ ಗಡಿಯಾಚೆಯ ಮರ್ಯಾದೆಯಲ್ಲಿ ಗೊರೋಬಾ ಆದರೂ ನಡೆದೀತು. ಒಂದೇ ಹೆಸರು ಮೆಟ್ಟಿಲು ಹತ್ತುವುದನ್ನು ಆಟಗಾರರು ಕಿವಿಯಿಂದಲೇ ಹಿಡಿಯುತ್ತಾರೆ. ಮೂರು ತಿಂಗಳ ಹಿಂದೆ ಕೈಬಿಟ್ಟ ಗೊರ್ಯಾ ಈಗ ‘ಗೌಡ್ರು ಕರೀಲಾಕತ್ತಾರ’ ಎಂದು ಆಳು ಕಳಿಸಿದಾಗ ಮೇಜಿನ ಸುತ್ತ ಏಳುವ ಗದ್ದಲವನ್ನು ನೀವೇ ನೋಡುವಿರಿ. ಕೆಳಗಿಳಿಸುವುದೂ ಸುಲಭ. ಅವನ ಮಂದಿಯ ಎದುರೇ ಒಬ್ಬ ಆಟಗಾರ ಅವನನ್ನು ಮತ್ತೆ ‘ಗೊರ್ಯಾ’ ಅಂದುಬಿಟ್ಟರೆ ಅದು ಕತ್ತಿಯೇಟಿಗಿಂತ ದೊಡ್ಡ ಪೆಟ್ಟು.

ಹೆಸರಿನ ಬೇರು ಎಲ್ಲಿಂದ?

ಎರಡು ಕಣಜಗಳಿವೆ. ಒಂದು, ಕನ್ನಡದ ಅನುಕರಣ ಶಬ್ದಗಳು: ಗೊರಗೊರ, ಲಟಪಟ, ಪಿಚಕ್, ಬುಳುಬುಳು, ಕಟಕಟ. ನಿಮ್ಮ ಗಾಬ್ಲಿನ್ ಯಾವ ಸದ್ದು ಮಾಡುತ್ತಾ ಬರುತ್ತದೆ ಎಂದು ಕೇಳಿಕೊಳ್ಳಿ. ಹಲ್ಲು ಕಡಿಯುವವನು ಕಟಕಟ್ಯಾ, ಉಗುಳುತ್ತಲೇ ಮಾತಾಡುವವಳು ಪಿಚಕಿ, ಕೆಸರಲ್ಲಿ ಅಡಗುವವನು ಬುಳಬುಳ್ಯಾ. ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಚಪ್ಪಲಿಯ ‘ಕರ್ ಕರ್’ ನಿಮಗೆ ಗೊತ್ತೇ ಇದೆ. ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ 2019ರಲ್ಲಿ ಒಟ್ಟಾಗಿ ಭೌಗೋಳಿಕ ಗುರುತು ಸಿಕ್ಕ ಕೊಲ್ಹಾಪುರಿ ಚಪ್ಪಲಿ ಅದು. ಅಂಥ ಒಂದು ಜೋಡಿ ಕದ್ದು ಮೆಟ್ಟಿಕೊಂಡ ಗಾಬ್ಲಿನ್ ಕರ್ಕರ್ಯಾ. ಅವನು ಎಂದೂ ಸದ್ದಿಲ್ಲದೆ ಬರಲಾರ, ಆದರೂ ಚಪ್ಪಲಿ ಬಿಡಲೊಲ್ಲ. ಹೆಸರಿನ ಜೊತೆಗೆ ಸ್ವಭಾವವೂ, ಆಟದಲ್ಲಿ ಅವನನ್ನು ಪತ್ತೆ ಮಾಡುವ ದಾರಿಯೂ ಒಟ್ಟಿಗೇ ಸಿಕ್ಕಿದವು.

ಇನ್ನೊಂದು ಕಣಜ, ಊರಿನ ದುಡಿಮೆಯ ಸಾಮಾನು. ಕೃಷ್ಣಾ, ದೂಧಗಂಗಾ ದಂಡೆಯ ಕಬ್ಬಿನ ನಾಡಿನಲ್ಲಿ ಒಣ ಎಲೆಗೆ ರವದಿ, ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ, ತೂಕದ ಸೇತುವೆಗೆ ಕಾಟಾ, ಕಡಿಯುವ ಕತ್ತಿಗೆ ಕೊಯ್ತಾ ಅನ್ನುತ್ತಾರೆ. ನಿಪ್ಪಾಣಿಯ ತಂಬಾಕು ಪೇಟೆಯ ಹತ್ತಿರ ತಪಕೀರು ಅಂದರೆ ನಶ್ಯ. ಇವನ್ನು ಗಾಬ್ಲಿನ್ ಹೆಸರಾಗಿಸಿ ನೋಡಿ. ರವದಿಯಲ್ಲಿ ಅಡಗಿ ಬೆಂಕಿ ಹಚ್ಚುವವನು ರವದ್ಯಾ. ಮೈಯೆಲ್ಲ ಜಿಗುಟು, ಕೈಗೆ ಅಂಟಿದ್ದೆಲ್ಲ ತನ್ನದೇ ಅನ್ನುವವಳು ಕಾಕಂಬಿ. ಹೊಂಚು ಹಾಕಿ ಕೂತಲ್ಲೇ ಸೀನಿ ಸಿಕ್ಕಿಬೀಳುವವನು ತಪಕೀರ್ಯಾ.

ಕಾಟಾದಿಂದ ಹುಟ್ಟಿದ ಕಾಟ್ಯಾನನ್ನು ತುಸು ಹತ್ತಿರದಿಂದ ನೋಡೋಣ. ಲೂಟಿ ಹಂಚುವಾಗ ತಕ್ಕಡಿ ಹಿಡಿಯುವುದು ಅವನ ಕೆಲಸ. ಎಡಗಾಲ ಹೆಬ್ಬೆರಳು ಸದಾ ತಕ್ಕಡಿಯ ತಟ್ಟೆಯ ಮೇಲೆ. ಗವಿಯ ಎಲ್ಲರಿಗೂ ಇದು ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ, ಯಾಕೆಂದರೆ ನಾಯಕನ ಪಾಲು ಮಾತ್ರ ಸರಿ ತೂಗುತ್ತದೆ. ಆಟಗಾರರು ಈ ಗವಿಯನ್ನು ಒಡೆಯಬೇಕಾದರೆ ಕತ್ತಿ ಹಿರಿಯಬೇಕಿಲ್ಲ, ಆ ಹೆಬ್ಬೆರಳು ತೋರಿಸಿ ಜಗಳ ಹಚ್ಚಿದರೆ ಸಾಕು. ಕಬ್ಬು ಕಳಿಸಿ ಕಾಟಾ ಚೀಟಿಯನ್ನು ಎರಡೆರಡು ಸಲ ನೋಡುವ ಮನೆಯ ಹುಡುಗರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು.

ಅಡ್ಡಹೆಸರು ಮತ್ತು ಗವಿ

ಬೆಲ್ಲದ, ಉಪ್ಪಿನ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಉತ್ತರ ಕರ್ನಾಟಕದ ಅಡ್ಡಹೆಸರುಗಳ ಪಟ್ಟಿ ಓದಿದರೆ ಸಂತೆ ಸುತ್ತಿ ಬಂದಂತೆ. ಗಾಬ್ಲಿನ್ ಮನೆತನಕ್ಕೆ ಅದರ ಅಜ್ಜ ಕದ್ದ ದೊಡ್ಡ ಮಾಲನ್ನೇ ಅಡ್ಡಹೆಸರು ಮಾಡಿ: ಕಟಕಟ್ಯಾ ಕೀಲಿಕೈ, ಪಿಚಕಿ ಹಗ್ಗದ, ರವದ್ಯಾ ಕಂದೀಲ. ‘ಅದು ಯಾವ ಕೀಲಿಕೈ? ಯಾವ ಬಾಗಿಲಿನದು?’ ಎಂದು ಆಟಗಾರ ಕೇಳಿದರೆ ನಿಮಗೆ ಮುಂದಿನ ಕಥೆ ಪುಕ್ಕಟೆ ಸಿಕ್ಕಿತು.

ಊರಿಗೆ ಬಂದರೆ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ, ಉಗಾರ ಬುದ್ರುಕ ಮಾದರಿಯಾಗಲಿ. ಖುರ್ದ ಅಂದರೆ ಸಣ್ಣದು, ಬುದ್ರುಕ ಅಂದರೆ ದೊಡ್ಡದು. ಕಗ್ಗವಿ ಖುರ್ದ, ಕಗ್ಗವಿ ಬುದ್ರುಕ ಎಂದು ಎರಡು ಗವಿ ಮಾಡಿ, ಖುರ್ದದಲ್ಲಿ ಜನ ಹೆಚ್ಚಿರಲಿ. ಮೂಲ ಗವಿ ತಮ್ಮದೇ ಎಂದು ಎರಡೂ ಕಡೆಯವರು ಹಲ್ಲು ಕಡಿಯಲಿ. ಅಥಣಿ, ರಾಯಬಾಗದ ಹೊಲಗಳ ನಡುವಿನ ವಸ್ತಿಗಳನ್ನು ಮನೆತನದ ಹೆಸರಿಗೆ ‘ತೋಟ’ ಸೇರಿಸಿ ಕರೆಯುತ್ತಾರಲ್ಲ, ಹಾಗೆ ಕೀಲಿಕೈ ತೋಟ, ಹಗ್ಗದ ತೋಟ ಎಂದರೂ ಆಯಿತು. ನಕ್ಷೆಯಲ್ಲಿ ಇಷ್ಟು ಸಾಕು. ಒಂದೊಂದು ಹಳ್ಳಕ್ಕೂ ಹೆಸರಿಡಲು ಕೂತರೆ ಆಟ ಶುರುವಾಗುವುದೇ ಇಲ್ಲ.

ಎಲ್ಲಿ ಕೈ ತಡೆಯಬೇಕು

ಇಲ್ಲೊಂದು ಸೂಕ್ಷ್ಮವಿದೆ. ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ, ದೃಷ್ಟಿ ತಾಗದಿರಲಿ ಎಂದು ಯಾರಿಗೂ ಬೇಡವಾದ ವಸ್ತುವಿನ ಹೆಸರಿಡುವ ಪದ್ಧತಿ ಇತ್ತು. ತಿಪ್ಪೆಯಿಂದ ತಿಪ್ಪಣ್ಣ, ತಿಪ್ಪವ್ವ. ಮರಾಠಿಯಲ್ಲಿ ಕಲ್ಲಿನಿಂದ ದಗಡು, ಧೋಂಡಿಬಾ. ಗಾಬ್ಲಿನ್‌ಗೆ ಹೇಳಿ ಮಾಡಿಸಿದಂತೆ ಕಂಡರೂ ಈ ಹೆಸರುಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಮೇಜಿನಲ್ಲಿ ಕೂತ ಯಾರದೋ ಅಜ್ಜನ ಹೆಸರು ಅದಾಗಿರುತ್ತದೆ. ಹೆಸರು ಬಿಟ್ಟು ಅದರ ಹಿಂದಿನ ಅಂಜಿಕೆಯನ್ನು ತೆಗೆದುಕೊಳ್ಳಿ. ಗವಿಯೊಳಗಿನ ಯಾವುದೋ ದೊಡ್ಡ ಪ್ರಾಣಿ ಚೆಂದದ ಹೆಸರಿನ ಮರಿಗಳನ್ನೇ ಹುಡುಕಿ ತಿನ್ನುತ್ತದೆ ಎಂದು ಗಾಬ್ಲಿನ್ ತಾಯಂದಿರು ನಂಬಿದ್ದಾರೆ, ಹಾಗಾಗಿ ಮರಿಗಳಿಗೆ ಜಂಗು, ಮುರುಕಿ, ಬೂದ್ಯಾ ಎಂದಿಡುತ್ತಾರೆ. ಈಗ ಆಟಗಾರರಿಗೆ ಗಾಬ್ಲಿನ್‌ಗಳ ಮೇಲೆ ತುಸು ಮರುಕವೂ ಹುಟ್ಟೀತು.

‘ಬೇಡವಾದವಳು’ ಎಂಬ ಅರ್ಥದ ನಕುಸಾ ಥರದ ಹೆಸರುಗಳನ್ನಂತೂ ಮುಟ್ಟಲೇಬೇಡಿ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಅಂಥ ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಸಮಾರಂಭ ಮಾಡಿ ಹೊಸ ಹೆಸರು ಕೊಡಬೇಕಾಯಿತು. ಕಸುಬಿನಿಂದ ಬಂದ ಜಾತಿಯ ಹೆಸರು, ದೇವರ ಹೆಸರು, ಯಾವುದೇ ಒಂದು ಧರ್ಮದವರ ಹೆಸರಿನ ಧಾಟಿ ಇವೂ ಬೇಡ. ಕಳ್ಳ ಗಾಬ್ಲಿನ್‌ಗಳೆಲ್ಲ ಒಂದೇ ಓಣಿಯವರಂತೆ ಕೇಳಿಸಿದರೆ ಅದು ಆಟವಾಗಿ ಉಳಿಯುವುದಿಲ್ಲ. ಗವಿಯ ಕೆಟ್ಟವನಿಗೂ ಒಳ್ಳೆಯವನಿಗೂ ಒಂದೇ ಥರದ ಹೆಸರಿರಲಿ.

ಮೇಜಿನ ಮೇಲೆ

‘ಪಾತ್‌ಫೈಂಡರ್’ ಎಂಬ ಇನ್ನೊಂದು ಆಟದ ಗಾಬ್ಲಿನ್‌ಗಳಿಗೆ ಬರಹವೆಂದರೆ ಭಯ. ಬರೆದರೆ ತಲೆಯೊಳಗಿನ ಮಾತು ಕಳುವಾಗುತ್ತದೆ ಎಂದು ಅವು ನಂಬುತ್ತವೆ. 2019ರ ಎರಡನೇ ಆವೃತ್ತಿಯ ಮೂಲ ಪುಸ್ತಕದಲ್ಲೇ ಆಟಗಾರರು ಗಾಬ್ಲಿನ್ ಆಗಿ ಆಡಲು ಅವಕಾಶವಿದೆ. ನಿಮ್ಮ ಗೆಳತಿ ಅಂಥ ಪಾತ್ರ ತೆಗೆದುಕೊಂಡರೆ ಹೆಸರನ್ನು ಅವಳೇ ಆರಿಸಿ ಬರೆದುಕೊಳ್ಳದಿರಲಿ. ನಮ್ಮ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಅದನ್ನೇ ಮೇಜಿಗೆ ತನ್ನಿ. ಪಕ್ಕದಲ್ಲಿ ಕೂತವರು ಕಿವಿಯಲ್ಲಿ ಹೆಸರು ಹೇಳಲಿ, ಉಳಿದವರು ಮೇಜು ಗುದ್ದಲಿ. ಹೆಸರು ಅವಳಿಗೆ ಹಿಡಿಸದಿದ್ದರೆ ಇನ್ನೂ ಒಳ್ಳೆಯದು, ಅದನ್ನು ಬದಲಿಸಿಕೊಳ್ಳಲು ಅವಳ ಗಾಬ್ಲಿನ್ ಏನೆಲ್ಲ ಮಾಡೀತು ಎಂಬುದೇ ಒಂದು ಕಥೆ.

ಕಥೆ ನಡೆಸುವವರು ಕಿಸೆಯಲ್ಲಿ ಎಂಟ್ಹತ್ತು ಬಿಡಿ ಹೆಸರು ಬರೆದಿಟ್ಟುಕೊಳ್ಳಿ, ಕಾಲು ಭಾಗವಾದರೂ ಹೆಣ್ಣು ಹೆಸರಿರಲಿ. ಒಂದೇ ಗುಂಪಿನಲ್ಲಿ ಒಂದೇ ಅಕ್ಷರದಿಂದ ಎರಡು ಹೆಸರು ಶುರುವಾಗದಿರಲಿ, ಕಾಟ್ಯಾ ಮತ್ತು ಕಟಕಟ್ಯಾ ಒಟ್ಟಿಗೆ ಬಂದರೆ ಯಾರು ಸತ್ತರು ಎಂಬುದೇ ಗೊತ್ತಾಗದು. ಬಳಸಿದ ಹೆಸರಿನ ಮುಂದೆ ಒಂದು ಗುರುತು ಬರೆಯಿರಿ: ಹೆಬ್ಬೆರಳು, ಸೀನು, ಚಪ್ಪಲಿ. ಇಷ್ಟೆಲ್ಲ ಮಾಡಿಟ್ಟರೂ ಆಟಗಾರರು ನಿಮ್ಮ ಬುಳಬುಳ್ಯಾನನ್ನು ನೋಡಿದ ಕೂಡಲೇ ‘ಏ ಡೊಂಕ್ಯಾ’ ಅಂದರೆ, ಹಾಳೆಯಲ್ಲಿ ಬುಳಬುಳ್ಯಾ ಎಂಬುದನ್ನು ಹೊಡೆದುಹಾಕಿ ಡೊಂಕ್ಯಾ ಎಂದು ಬರೆದುಕೊಂಡು ಆಟ ಮುಂದುವರಿಸಿ.