ಸೋತ ಓಟವನ್ನು ಮೊದಲು ಓದು

ಮಗು,

ನವೆಂಬರಿನಲ್ಲಿ ಗೆಳೆಯರ ಜೊತೆ ಚೆಲ್ಟನಮ್ ರೇಸಿಗೆ ಹೋಗುತ್ತಿದ್ದೇನೆ, ಯಾವ ಕುದುರೆಗೆ ಕಟ್ಟಲಿ ದೊಡ್ಡಮ್ಮ ಎಂದು ಕೇಳಿದ್ದೀಯ. ಹೆಸರು ಹೇಳುವುದಿಲ್ಲ. ನಾನು ಹೇಳಿದ ಕುದುರೆ ಗೆದ್ದರೂ ಸೋತರೂ ನಿನಗೆ ಕಲಿಯಲು ಏನೂ ಉಳಿಯುವುದಿಲ್ಲ. 1988ರಲ್ಲಿ ನರ್ಸ್ ಕೆಲಸಕ್ಕೆಂದು ಈ ಗ್ಲಾಸ್ಟರ್‌ಶೈರಿಗೆ ಬಂದಾಗಿನಿಂದ, ನೈಟ್ ಡ್ಯೂಟಿ ಮುಗಿಸಿ ಕಣ್ಣು ಉರಿಯುತ್ತಿದ್ದರೂ ರೇಸ್ ಕಾರ್ಡ್ ಬಿಚ್ಚಿಕೊಂಡು ಕೂತು ಕಲಿತದ್ದನ್ನು ಬರೆಯುತ್ತೇನೆ. ನಿಮ್ಮಮ್ಮನಿಗೂ ಈ ಕಾಗದ ತೋರಿಸು. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ದುಡ್ಡಿನ ಮಾತು ಮೊದಲೇ ಆಗಿಬಿಡಲಿ. ಕಳೆದುಹೋದರೂ ಆ ತಿಂಗಳ ಬಾಡಿಗೆ, ಊಟ, ಬಸ್ ಪಾಸು ಯಾವುದಕ್ಕೂ ತೊಂದರೆಯಾಗದಷ್ಟು ಹಣವನ್ನು ಮಾತ್ರ ಜೇಬಿನಲ್ಲಿ ನಗದಾಗಿ ಇಟ್ಟುಕೊಂಡು ಹೋಗು. ಫೋನಿನ ಆ್ಯಪ್‌ನಲ್ಲಿ ಆಡಬೇಡ. ಅಲ್ಲಿ ದುಡ್ಡು ಕೈಬಿಟ್ಟು ಹೋಗುವುದೇ ಗೊತ್ತಾಗುವುದಿಲ್ಲ. ಕಳೆದದ್ದನ್ನು ಮುಂದಿನ ಓಟದಲ್ಲಿ ವಾಪಸ್ ತರುತ್ತೇನೆ ಎಂದು ಮನಸ್ಸು ಹೇಳಿದ ಗಳಿಗೆಯಲ್ಲೇ ಎದ್ದು ಟೀ ಕುಡಿಯಲು ಹೋಗಿಬಿಡು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಹಾಗೆ ಎದ್ದು ಹೋಗಲಾರದೆ ಮನೆಯನ್ನೇ ಕಳೆದುಕೊಂಡರು. ಅವರ ಮಕ್ಕಳು ಪೆಟ್ಟಿಗೆ ಹೊತ್ತು ವ್ಯಾನ್ ಹತ್ತಿದ ದಿನ ನಾನು ಅಲ್ಲಿದ್ದೆ. ಇದಕ್ಕಿಂತ ಹೆಚ್ಚು ಹೇಳುವುದು ನನ್ನಿಂದಾಗದು.

ಇನ್ನು ಕುದುರೆಯ ವಿಷಯ. ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ನೀನು ನೋಡಿರುವುದು ಬಯಲು ಓಟ. 1200 ಮೀಟರಿನ ಓಟ ಒಂದೂಕಾಲು ನಿಮಿಷಕ್ಕೆ ಮುಗಿದುಹೋಗುತ್ತದೆ. ಇಲ್ಲಿ ಅತಿ ಚಿಕ್ಕ ಓಟವೇ ಎರಡು ಮೈಲಿಯ ಆಸುಪಾಸು. ಹರ್ಡಲ್ ಓಟದಲ್ಲಿ ಮೂರೂವರೆ ಅಡಿಯ, ಕಾಲು ತಗುಲಿದರೆ ಬಾಗುವ ತಡೆಗಳು. ಸ್ಟೀಪಲ್‌ಚೇಸ್‌ನಲ್ಲಿ ಬರ್ಚ್ ಕಡ್ಡಿಗಳನ್ನು ಒತ್ತಾಗಿ ತುಂಬಿದ, ಕಡಿಮೆಯೆಂದರೂ ನಾಲ್ಕೂವರೆ ಅಡಿ ಎತ್ತರದ ಬೇಲಿಗಳು. ಮಾರ್ಚ್ ತಿಂಗಳಲ್ಲಿ ನಡೆಯುವ ಗೋಲ್ಡ್ ಕಪ್‌ನಲ್ಲಿ ಅಂಥವು 22, ಮೂರೂಕಾಲು ಮೈಲಿಗಿಂತ ಚೂರು ಜಾಸ್ತಿ ದೂರ, ಎಲ್ಲ ಮುಗಿಯಿತು ಅನ್ನುವಾಗ ಉಸಿರು ಹಿಂಡುವ ಏರು. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಬಾಜಿ ಕಟ್ಟಿ, ಒಂದೂರಿನ ಚರ್ಚಿನಿಂದ ಇನ್ನೊಂದೂರಿನ ಚರ್ಚಿನ ಗೋಪುರವನ್ನೇ ಗುರಿಯಾಗಿಟ್ಟುಕೊಂಡು ಗದ್ದೆ, ಬೇಲಿ, ಹಳ್ಳ ಹಾರಿಸಿ ಕುದುರೆ ಓಡಿಸಿದರಂತೆ. ಸ್ಟೀಪಲ್‌ಚೇಸ್ ಎಂಬ ಹೆಸರಿಗೆ ಆ ಗೋಪುರವೇ (ಸ್ಟೀಪಲ್) ಮೂಲ. ಇದು ವೇಗದ ಪರೀಕ್ಷೆಗಿಂತ ಹೆಚ್ಚಾಗಿ ಹಾರುವ ಕೌಶಲದ, ದಮ್ಮಿನ, ಎದೆಗಾರಿಕೆಯ ಪರೀಕ್ಷೆ ಎಂದು ತಿಳಿದುಕೊಂಡರೆ ಕಾರ್ಡ್ ಓದುವ ರೀತಿಯೇ ಬದಲಾಗುತ್ತದೆ.

ಕಾರ್ಡ್‌ನಲ್ಲಿ ಕುದುರೆಯ ಹೆಸರಿನ ಪಕ್ಕ ಅಂಕಿ-ಅಕ್ಷರಗಳ ಒಂದು ಸಾಲು ಇರುತ್ತದೆ. 21ಪಿ-3ಎಫ್4 ಅಂತಿದೆ ಅಂದುಕೋ. ಎಡಗಡೆಯದು ಹಳೆಯದು, ಬಲತುದಿಯದು ತೀರಾ ಈಚಿನದು. ನಡುವಿನ ಗೆರೆಯೆಂದರೆ ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಯಿತು ಎಂದು. ಎರಡನೆಯ ಸ್ಥಾನ, ಗೆಲುವು, ಆಮೇಲೆ ಪಿ, ಅಂದರೆ ಜಾಕಿಯೇ ಲಗಾಮು ಎಳೆದು ಓಟ ನಿಲ್ಲಿಸಿದ. ಹೊಸ ಸೀಸನ್‌ನಲ್ಲಿ ಮೂರನೆಯದು, ಎಫ್ ಅಂದರೆ ಬಿತ್ತು, ಕೊನೆಗೆ ನಾಲ್ಕನೆಯದು. ಯು ಎಂದಿದ್ದರೆ ಕುದುರೆ ಬೀಳಲಿಲ್ಲ, ಜಾಕಿ ಉರುಳಿದ. ಬಿ ಎಂದಿದ್ದರೆ ಬಿದ್ದ ಇನ್ನೊಂದು ಕುದುರೆಗೆ ಎಡವಿ ಇದೂ ಬಿತ್ತು. ಇದರ ತಪ್ಪು ಏನೂ ಇಲ್ಲ.

ಹೊಸಬರು ಈ ಸಾಲಿನಲ್ಲಿ 1 ಎಲ್ಲಿದೆ ಎಂದು ಹುಡುಕುತ್ತಾರೆ. ನೀನು ಪಿ ಮತ್ತು ಎಫ್ ಹತ್ತಿರ ನಿಲ್ಲು. ನಾನು ನಿನಗೆ ಹೇಳಬೇಕೆಂದಿರುವುದೇ ಇದು: ಗೆದ್ದ ಓಟವನ್ನು ಎಲ್ಲರೂ ನೋಡಿರುತ್ತಾರೆ, ಅದರ ಬೆಲೆ ಆಗಲೇ ಬುಕ್ಕಿಯ ಬೋರ್ಡಿನ ಮೇಲೆ ಏರಿರುತ್ತದೆ. ಸೋತ ಓಟ ಯಾಕೆ ಸೋತಿತು ಎಂದು ಕೂತು ನೋಡುವವರು ಕಡಿಮೆ. ಆ ಎಫ್ ಎರಡನೆಯ ಬೇಲಿಯಲ್ಲೇ ಆಯಿತೋ, ಅಥವಾ ಎಲ್ಲರಿಗಿಂತ ಮುಂದೆ ಹಾಯಾಗಿ ಓಡುತ್ತಿದ್ದು ಕೊನೆಯ ಬೇಲಿಯಲ್ಲಿ ಒಂದು ಹೆಜ್ಜೆ ತಪ್ಪಿತೋ? ಎರಡೂ ಕಾರ್ಡ್‌ನಲ್ಲಿ ಒಂದೇ ಅಕ್ಷರ. ಮೊದಲನೆಯದು ಹಾರಲು ಬಾರದ ಕುದುರೆ, ಎರಡನೆಯದು ಮುಂದಿನ ಸಲ ಗೆಲ್ಲಬಹುದಾದ ಕುದುರೆ. ಈಗ ಹಳೆಯ ಓಟಗಳ ವಿಡಿಯೊ ಸುಲಭವಾಗಿ ಸಿಗುತ್ತವೆ. ಒಂದು ಕುದುರೆಗೆ ಹತ್ತು ನಿಮಿಷ ಕೊಡು. ಎಡತಿರುವಿನ ಮೈದಾನದಲ್ಲಿ ಪ್ರತಿ ಬೇಲಿಯಲ್ಲೂ ಬಲಕ್ಕೆ ವಾಲಿ ಹಾರುತ್ತಿದ್ದರೆ ಬೇಲಿಗೊಂದಿಷ್ಟು ನೆಲ ದಂಡ ಕೊಡುತ್ತಿದೆ ಎಂದರ್ಥ. ಅಂಥದ್ದನ್ನು ಬಲತಿರುವಿನ ಆಸ್ಕಟ್‌ನಲ್ಲೋ ಸ್ಯಾಂಡೌನ್‌ನಲ್ಲೋ ನೋಡಬೇಕು. ಬೇಲಿಗೆ ತೀರಾ ಹತ್ತಿರ ಹೋಗಿ ಕಾಲು ಮಡಚಿ ಹೇಗೋ ದಾಟುತ್ತಿದೆಯೋ, ದೂರದಿಂದಲೇ ಎದ್ದು ಓಟ ಮುರಿಯದಂತೆ ಇಳಿಯುತ್ತಿದೆಯೋ ನೋಡು. 2022ರಿಂದ ಬ್ರಿಟನ್ನಿನಲ್ಲಿ ಬೇಲಿಗಳ ಕಿತ್ತಳೆ ಪಟ್ಟಿಗಳನ್ನು ಬಿಳಿಗೆ ಬದಲಿಸಿದ್ದಾರೆ. ನಮಗೆ ಕಣ್ಣಿಗೆ ಹೊಡೆಯುವ ಕಿತ್ತಳೆ ಕುದುರೆಯ ಕಣ್ಣಿಗೆ ಹುಲ್ಲಿನಲ್ಲಿ ಕಲೆತುಹೋಗುತ್ತದೆ. ಅಷ್ಟು ವರ್ಷ ಅದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ನೆಲದ ಹದ. ಉಳುಮೆ ಮಾಡುವವನಿಗೆ ಹದ ಎಷ್ಟು ಮುಖ್ಯವೋ ಇಲ್ಲೂ ಅಷ್ಟೇ. ಹೆವಿ ಅಂದರೆ ಗೊರಸು ಹೂತುಹೋಗುವ ಕೆಸರು, ಸಾಫ್ಟ್ ಅಂದರೆ ಜವುಗು, ಗುಡ್ ಅಂದರೆ ಹದವಾದ ನೆಲ. ಗಟ್ಟಿ ನೆಲದಲ್ಲಿ ಹಾರಿಬರುವ ಕುದುರೆ ಕೆಸರಿನಲ್ಲಿ ಅರ್ಧ ದಾರಿಗೇ ಸುಸ್ತಾಗುತ್ತದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೂರು ಓಟ ಸತತವಾಗಿ ಗೆದ್ದಿದ್ದ ಒಂದು ಕುದುರೆಗೆ ಕಟ್ಟಿದೆ. ಮೂರೂ ಒಣ ನೆಲದಲ್ಲಿ, ಸಪಾಟು ಮೈದಾನದಲ್ಲಿ ಗೆದ್ದದ್ದು ಎಂದು ನೋಡಲಿಲ್ಲ. ಅವತ್ತು ರಾತ್ರಿಯೆಲ್ಲ ಮಳೆ ಹುಯ್ದಿತ್ತು. ಏರು ಹತ್ತುವ ಮೊದಲೇ ಜಾಕಿ ಅದನ್ನು ನಿಲ್ಲಿಸಿದ. ಅದು ಕೆಟ್ಟ ಕುದುರೆಯಲ್ಲ. ನಾನು ಅದನ್ನು ಅದರದ್ದಲ್ಲದ ಜಾಗದಲ್ಲಿ ನಂಬಿದೆ.

ಆದರೆ ಹದದ ಲೆಕ್ಕಕ್ಕೂ ಒಂದು ಎಲ್ಲೆ ಇದೆ. 1989ರ ಮಾರ್ಚ್, ನನ್ನ ಮೊದಲ ಗೋಲ್ಡ್ ಕಪ್. ಬೆಳಗ್ಗೆ ಹಿಮ, ಮೇಲೆ ಮಳೆ, ಓಟ ನಡೆಯುತ್ತದೋ ಇಲ್ಲವೋ ಎನ್ನುವ ಸ್ಥಿತಿ. ಡೆಸರ್ಟ್ ಆರ್ಕಿಡ್ ಎಂಬ ಬಿಳಿಬೂದು ಕುದುರೆಯ ಮೇಲೆ ಇಡೀ ದೇಶಕ್ಕೆ ಪ್ರೀತಿ. ಕೆಂಪ್ಟನ್‌ನ ಬಲತಿರುವಿನ, ಸಪಾಟು ಮೈದಾನ ಅದಕ್ಕೆ ಮನೆಯಂಗಳ. ಅಲ್ಲಿನ ಕಿಂಗ್ ಜಾರ್ಜ್ ಓಟವನ್ನು ಅದು ಒಟ್ಟು ನಾಲ್ಕು ಸಲ ಗೆದ್ದಿತು. ಚೆಲ್ಟನಮ್‌ನದು ಎಡತಿರುವು, ಏರಿಳಿತ, ಅವತ್ತು ಮೊಣಕಾಲ ಕೆಸರು ಬೇರೆ. ಕಾಗದದ ಮೇಲೆ ಅದಕ್ಕೆ ಎಲ್ಲವೂ ವಿರುದ್ಧ. ಕೆಸರೆಂದರೆ ಹಿಗ್ಗುವ ಯಾಹೂ ಎಂಬ ಕುದುರೆ ಕೊನೆಯ ಭಾಗದಲ್ಲಿ ಮುಂದಾಯಿತು. ಕೊನೆಯ ಬೇಲಿ ದಾಟಿದ ಮೇಲೆ ಆ ಬಿಳಿ ಕುದುರೆ, ಬಿಳಿಯೇ ಕಾಣದಷ್ಟು ಕೆಸರು ಮೆತ್ತಿಕೊಂಡು, ಕತ್ತು ಚಾಚಿ, ಒಂದೊಂದೇ ಹೆಜ್ಜೆ ಕಿತ್ತು ಕಿತ್ತು ಹಾಕುತ್ತಾ ಅದನ್ನು ಹಿಂದೆ ಹಾಕಿತು. ಗೆದ್ದದ್ದು ಒಂದೂವರೆ ಲೆಂಗ್ತ್‌ನಿಂದ; ಲೆಂಗ್ತ್ ಅಂದರೆ ಕುದುರೆಯ ಮೈಯುದ್ದ. ಗುರುತು ಪರಿಚಯವಿಲ್ಲದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತಳು. ಯಾಹೂ ಎರಡನೆಯದಾಗಿ ಬಂದದ್ದನ್ನು ನೆಲದ ಹದವೇ ಹೇಳಿತ್ತು. ಡೆಸರ್ಟ್ ಆರ್ಕಿಡ್ ಗೆದ್ದದ್ದನ್ನು ದರ್ಜೆ ಮತ್ತು ಧೈರ್ಯ ಹೇಳಬೇಕಿತ್ತು. ಎರಡನ್ನೂ ತೂಗಬೇಕು ಕಣೋ.

ತೂಕ ಎಂದಾಗ ಇನ್ನೊಂದು. ಹ್ಯಾಂಡಿಕ್ಯಾಪ್ ಓಟದಲ್ಲಿ ಒಳ್ಳೆಯ ಕುದುರೆಗೆ ಹೆಚ್ಚು ಭಾರ ಹೊರಿಸುತ್ತಾರೆ, ಎಲ್ಲವೂ ಸರಿಸಮ ಆಗಲಿ ಎಂದು. ಮೂರು ಮೈಲಿಗೆ ಒಂದು ಪೌಂಡ್ ತೂಕ ಸುಮಾರು ಒಂದು ಲೆಂಗ್ತ್‌ಗೆ ಸಮ ಎಂಬುದು ಕೈಲೆಕ್ಕ. ಗ್ರ್ಯಾಂಡ್ ನ್ಯಾಷನಲ್ ಅಂಥದ್ದೇ ಹ್ಯಾಂಡಿಕ್ಯಾಪ್ ಓಟ. 1973ರದ್ದು ನೋಡು, ಆ ವಿಡಿಯೊ ತಪ್ಪಿಸಬೇಡ. ಆಸ್ಟ್ರೇಲಿಯಾದಿಂದ ಬಂದ ಕ್ರಿಸ್ಪ್ 12 ಸ್ಟೋನ್ ಹೊತ್ತು ಎಲ್ಲರನ್ನೂ ದೂರದಲ್ಲಿ ಬಿಟ್ಟು ಒಂಟಿಯಾಗಿ ಹಾರುತ್ತಿತ್ತು. ಹಿಂದಿದ್ದ ರೆಡ್ ರಮ್‌ನ ಮೇಲೆ 10 ಸ್ಟೋನ್ 5 ಪೌಂಡ್. ಅಂತರ 23 ಪೌಂಡ್, ಹತ್ತು ಕಿಲೋಗಿಂತ ಹೆಚ್ಚು, ಒಂದು ಅಕ್ಕಿ ಮೂಟೆ ಅನ್ನು. ಕೊನೆಯ ಬೇಲಿ ದಾಟಿದ ಮೇಲೆ ಕ್ರಿಸ್ಪ್‌ನ ಕಾಲುಗಳು ತಡವರಿಸತೊಡಗಿದವು. ಗುರಿಗೆ ಇನ್ನು ಎರಡು ನೆಗೆತ ಇದ್ದಾಗ ರೆಡ್ ರಮ್ ದಾಟಿತು. ಮುಕ್ಕಾಲು ಲೆಂಗ್ತ್ ಅಂತರ. ಹಳೆಯ ದಾಖಲೆ ಎಷ್ಟೋ ಸೆಕೆಂಡುಗಳಿಂದ ಮುರಿಯಿತು. ಅದೇ ವರ್ಷ ನವೆಂಬರಿನಲ್ಲಿ ಡಾನ್‌ಕಾಸ್ಟರ್‌ನಲ್ಲಿ ಎರಡೂ ಸಮ ತೂಕ ಹೊತ್ತು ಓಡಿದಾಗ ಕ್ರಿಸ್ಪ್ ಸುಲಭವಾಗಿ ಗೆದ್ದಿತು. ಇಷ್ಟು ಹೇಳಿ ನಿಲ್ಲಿಸಿದರೆ ರೆಡ್ ರಮ್‌ಗೆ ಅನ್ಯಾಯ. ಮರುವರ್ಷ ಅದೇ 12 ಸ್ಟೋನ್ ತಾನೇ ಹೊತ್ತು ನ್ಯಾಷನಲ್ ಗೆದ್ದಿತು, 1975, 76ರಲ್ಲಿ ಎರಡನೆಯದಾಗಿ ಬಂದು 1977ರಲ್ಲಿ ಮೂರನೆಯ ಸಲ ಗೆದ್ದಿತು. ಸೋತವನ ಲೆಕ್ಕವನ್ನೂ ಗೆದ್ದವನ ಲೆಕ್ಕವನ್ನೂ ಒಂದೇ ಕಣ್ಣಿನಿಂದ ನೋಡುವುದನ್ನು ನನಗೆ ಕಲಿಸಿದ್ದು ಈ ಎರಡು ಕುದುರೆಗಳು.

ನ್ಯಾಷನಲ್‌ನ ಹಳೆಯ ಅಂಕಿಅಂಶಗಳನ್ನು ಈಗ ಜೋಪಾನವಾಗಿ ಬಳಸು. 2024ರಿಂದ 40ರ ಬದಲು 34 ಕುದುರೆಗಳಿಗೆ ಮಾತ್ರ ಅವಕಾಶ. ಆರಂಭದ ನಾಗಾಲೋಟದ ಬಿರುಸು ತಗ್ಗಲಿ ಎಂದು ಮೊದಲ ಬೇಲಿಯನ್ನೂ ಹತ್ತಿರ ತಂದಿದ್ದಾರೆ. ಇದು ಆಗಲೇಬೇಕಿತ್ತು. ಬಿದ್ದ ಕುದುರೆಯ ಸುತ್ತ ಪರದೆ ಹಿಡಿಯುವುದನ್ನು ನಾನು ನೋಡಿದ್ದೇನೆ. ಪರದೆ ತೆಗೆದ ಮೇಲೆ ಅದು ತಾನೇ ಎದ್ದು ನಡೆದದ್ದನ್ನೂ ನೋಡಿದ್ದೇನೆ, ಏಳದೇ ಹೋದದ್ದನ್ನೂ ನೋಡಿದ್ದೇನೆ. ನಿನ್ನ ಚೀಟಿಯ ಮೇಲಿರುವುದು ಜೀವ ಇರುವ ಪ್ರಾಣಿಯ ಹೆಸರು.

ಕಾಗದ ಮುಗಿಸಿ ಕಣ್ಣಿನ ಕೆಲಸಕ್ಕೆ ಬಾ. ಓಟಕ್ಕೆ ಮುಂಚೆ ಕುದುರೆಗಳನ್ನು ಪೆರೇಡ್ ರಿಂಗ್‌ನಲ್ಲಿ ನಡೆಸುತ್ತಾರೆ. ಅದಕ್ಕೂ ಮೊದಲು, ಜೀನು ಹಾಕದೆ ನಡೆಸುವ ಒಂದು ಚಿಕ್ಕ ರಿಂಗ್ ಇದೆ, ಅಲ್ಲಿಗೆ ಹೋಗಿ ನಿಲ್ಲು. ನಿನ್ನ ಮುತ್ತಜ್ಜ ನನ್ನನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೋರಿಯ ಹಲ್ಲು, ಸುಳಿ ಎಲ್ಲ ಆಮೇಲೆ. ಮೊದಲು ಅದನ್ನು ಧೂಳಿನಲ್ಲಿ ನಡೆಸಿ, ಕೂತು ಹೆಜ್ಜೆ ನೋಡುತ್ತಿದ್ದರು. ಮುಂಗಾಲ ಗುರುತನ್ನು ಹಿಂಗಾಲು ದಾಟಿ ಬೀಳುತ್ತಿದೆಯೇ ಎಂದು. ಇಲ್ಲಿ ನಾನು ಕುದುರೆಗೂ ಅದನ್ನೇ ನೋಡುತ್ತೇನೆ. ನಡಿಗೆ ಸಡಿಲವಾಗಿ, ಉದ್ದವಾಗಿ ಇರಬೇಕು. ಚಳಿಯಲ್ಲೂ ಮೈ ಮಿರುಗಬೇಕು. ಸಜ್ಜಾದ ಕುದುರೆಯ ತೊಡೆಯ ಹಿಂಭಾಗದಲ್ಲಿ ಮಾಂಸಖಂಡದ ಒಂದು ಗೆರೆ ಎದ್ದು ಕಾಣುತ್ತದೆ. ಹೊಟ್ಟೆ ತುಂಬಿಕೊಂಡಿದ್ದರೆ ಇನ್ನೊಂದು ಓಟ ಆದ ಮೇಲೆ ತಯಾರಾಗುತ್ತದೆ ಎಂದುಕೋ. ಹಿಂಗಾಲುಗಳ ನಡುವೆ ಬಿಳಿ ನೊರೆ ಕಟ್ಟಿದ್ದರೆ ಅದರ ಓಟ ಅಲ್ಲೇ ಖರ್ಚಾಗುತ್ತಿದೆ. ಕೆಲವು ಕುದುರೆಗಳು ಯಾವಾಗಲೂ ಬೆವರುತ್ತವೆ, ಹಾಗಾಗಿ ಒಂದೇ ಸಲ ನೋಡಿ ತೀರ್ಮಾನಿಸಬೇಡ.

ಇಷ್ಟೆಲ್ಲ ಆದ ಮೇಲೆ ಬೆಲೆ. ಬುಕ್ಕಿಯ ಬೋರ್ಡಿನಲ್ಲಿ 4/1 ಎಂದರೆ ಐದರಲ್ಲಿ ಒಂದು ಸಲ, ನೂರಕ್ಕೆ 20 ಗೆಲ್ಲುವ ಸಾಧ್ಯತೆ ಎಂಬ ಲೆಕ್ಕ. 6/4 ಎಂದರೆ ನೂರಕ್ಕೆ 40. ಎಲ್ಲ ಕುದುರೆಗಳದ್ದನ್ನೂ ಕೂಡಿಸಿದರೆ ನೂರು ದಾಟುತ್ತದೆ. ಆ ಹೆಚ್ಚಿನದ್ದು ಬುಕ್ಕಿಯ ಪಾಲು. ಬೋರ್ಡ್ ನೋಡುವ ಮೊದಲೇ ನಿನ್ನ ಅಂದಾಜನ್ನು ಬರೆದಿಟ್ಟುಕೋ. ನೂರಕ್ಕೆ 30 ಎಂದು ಬರೆದ ಕುದುರೆಗೆ ಅವರು 6/4 ಕೊಡುತ್ತಿದ್ದರೆ ಅದು ಗೆಲ್ಲುವ ಕುದುರೆಯಾದರೂ ನಿನಗಲ್ಲ, ಸುಮ್ಮನೆ ನಿಂತು ನೋಡು. ಹಾಗೆಂದು ದೊಡ್ಡ ಬೆಲೆಯ ಆಸೆಗೂ ಬೀಳಬೇಡ. 1990ರಲ್ಲಿ ವೇಲ್ಸ್‌ನ ಹೈನುಗಾರ ರೈತನೊಬ್ಬ ತರಬೇತು ಕೊಟ್ಟ ನಾರ್ಟನ್ಸ್ ಕಾಯಿನ್ 100/1 ಬೆಲೆಗೆ ಗೋಲ್ಡ್ ಕಪ್ ಗೆದ್ದಿತು. ಡೆಸರ್ಟ್ ಆರ್ಕಿಡ್ ಮೂರನೆಯದು. ನಾನು ಕಣ್ಣೆತ್ತಿಯೂ ನೋಡದ ಕುದುರೆ ಅದು. ಆ ಗೆಲುವನ್ನು ಕಂಡು ಸಂತೋಷಪಟ್ಟೆ, ಅದನ್ನು ಊಹಿಸಬಹುದಿತ್ತು ಎಂದು ಅವತ್ತೂ ಹೇಳಿಕೊಳ್ಳಲಿಲ್ಲ.

ರೇಸಿನ ಶನಿವಾರ ಬ್ರಿಸ್ಟಲ್‌ನಿಂದ ಬೆಳಗಿನ ರೈಲಿಗೇ ಬಂದುಬಿಡು, ನಾನೂ ಜೊತೆಗಿರುತ್ತೇನೆ. ಒಂದು ನೋಟ್‌ಬುಕ್ ತಾ. ಮೊದಲ ಎರಡು ಓಟಕ್ಕೆ ಏನೂ ಕಟ್ಟದೆ, ಯಾವುದು ಹೇಗೆ ಹಾರಿತು, ಯಾವುದು ಎಲ್ಲಿ ಸೋತಿತು ಎಂದಷ್ಟೇ ಬರೆ. ಮೂರನೆಯದಕ್ಕೆ ಸ್ಟ್ಯಾಂಡಿನಲ್ಲಿ ಕೂರುವುದು ಬೇಡ; ಬೇಲಿಗೆ ಎಷ್ಟು ಹತ್ತಿರ ಬಿಡುತ್ತಾರೋ ಅಲ್ಲಿ ಕಂಬಿ ಹಿಡಿದು ನಿಲ್ಲೋಣ. ಮೊದಲು ಕಾಲಡಿಯ ನೆಲ ಅದುರುತ್ತದೆ, ಆಮೇಲೆ ಕಡ್ಡಿ ಮುರಿಯುವ ಸದ್ದು, ಜಾಕಿಗಳು ಒಬ್ಬರಿಗೊಬ್ಬರು ಕೂಗುವುದು. ದಪ್ಪ ಕಾಲುಚೀಲ ಹಾಕಿಕೊಂಡು ಬಾ, ಆ ಹೊತ್ತಿಗೆ ಅಲ್ಲಿ ಚಳಿ ಕಾಲಿನಿಂದ ಏರುತ್ತದೆ.

ನಿನ್ನ ದೊಡ್ಡಮ್ಮ