ಮೊದಲು ನೋಂದಣಿ, ಆಮೇಲೆ ಪ್ರದರ್ಶನ: ಸೀರೆ ವಿನ್ಯಾಸಕರಿಗೊಂದು ಕೈಪಿಡಿ

ನೀವು ರೂಪಿಸಿದ ಸೆರಗು ಮಾರುಕಟ್ಟೆಗೆ ಬಂದದ್ದೇ ತಡ, ಅದರ ಅಗ್ಗದ ನಕಲು ಪಕ್ಕದ ಅಂಗಡಿಯಲ್ಲಿ ನೇತಾಡುತ್ತದೆ. ತಡೆಯಲು ಕಾನೂನಿದೆ. ಆದರೆ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಿದವರಿಗಷ್ಟೇ ಅದರ ಬಲ ಸಿಗುತ್ತದೆ.

ಹಂತ 1: ನಿಮ್ಮದು ಯಾವುದು ಎಂದು ಗುರುತಿಸಿ
ಇಳಕಲ್ಲಿನ ಟೋಪ ತೆನಿ ಸೆರಗು, ಕಸೂತಿಯ ಗೋಪುರ ಪರಂಪರೆಯ ಸೊತ್ತು. ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಇಂಥವನ್ನು ಯಾರೂ ಹೊಸ ವಿನ್ಯಾಸವೆಂದು ತಮ್ಮ ಹೆಸರಿಗೆ ಮಾಡಿಕೊಳ್ಳಲಾಗದು. ಅವುಗಳಿಂದ ಪ್ರೇರಣೆ ಪಡೆದು ನೀವು ಕಟ್ಟಿದ ಹೊಸ ರೂಪಕ್ಕೆ ಮಾತ್ರ ನಿಮ್ಮ ಹಕ್ಕು.

ಹಂತ 2: ದಾಖಲೆ ಇಡಿ
ಪೆನ್ಸಿಲ್ ಕರಡು, ಗ್ರಾಫ್ ಹಾಳೆ, ಕಂಪ್ಯೂಟರ್ ಫೈಲ್ ಎಲ್ಲವನ್ನೂ ದಿನಾಂಕ ಸಹಿತ ಉಳಿಸಿಕೊಳ್ಳಿ. ವಿವಾದ ಬಂದಾಗ ಮೊದಲು ಬರೆದವರು ಯಾರು ಎಂಬುದಕ್ಕೆ ಇವೇ ಸಾಕ್ಷಿ.

ಹಂತ 3: ಕೃತಿಸ್ವಾಮ್ಯವನ್ನೇ ನಂಬಿ ಕೂರಬೇಡಿ
ಚಿತ್ರ ಬರೆದ ಕ್ಷಣವೇ ಕೃತಿಸ್ವಾಮ್ಯ ಹುಟ್ಟುತ್ತದೆ, ನಿಜ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಹೊಸಬರು ಎಡವುವ ಒಂದು ಗುಂಡಿಯಿದೆ. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಒಂದೇ ಪ್ರಿಂಟ್‌ನಲ್ಲಿ ನೂರಾರು ಸೀರೆ ತೆಗೆಯುವವರು ಮುಂದಿನ ಎರಡು ಹಂತಗಳನ್ನು ಬಿಡುವಂತಿಲ್ಲ.

ಹಂತ 4: ಅರ್ಜಿ ಹಾಕುವವರೆಗೆ ಗುಟ್ಟಾಗಿಡಿ
2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಯಾಗಬೇಕಾದರೆ ವಿನ್ಯಾಸ ಎಲ್ಲೂ ಬಹಿರಂಗವಾಗಿರಬಾರದು. ಇನ್‌ಸ್ಟಾಗ್ರಾಂನಲ್ಲಿ ನೀವೇ ಹಾಕಿದ ಫೋಟೊ ಕೂಡ ನಿಮಗೇ ಮುಳುವಾಗಬಹುದು. ನೇಕಾರರಿಗೆ, ಪ್ರಿಂಟಿಂಗ್‌ನವರಿಗೆ ತೋರಿಸಲೇಬೇಕಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿಸಿಕೊಳ್ಳಿ.

ಹಂತ 5: ನೋಂದಾಯಿಸಿ
ಫಾರ್ಮ್ 1 ಭರ್ತಿ ಮಾಡಿ, ವಿನ್ಯಾಸದ ಸ್ಪಷ್ಟ ಚಿತ್ರಗಳನ್ನೂ ಹೊಸತನ ಎಲ್ಲಿದೆ ಎಂಬ ಹೇಳಿಕೆಯನ್ನೂ ಸೇರಿಸಿ. ಕೋಲ್ಕತ್ತದ ವಿನ್ಯಾಸ ಕಚೇರಿಗೆ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ರಕ್ಷಣೆ 10 ವರ್ಷ. ಅವಧಿ ಮುಗಿಯುವ ಮೊದಲು ಶುಲ್ಕ ಕಟ್ಟಿದರೆ ಇನ್ನೂ 5 ವರ್ಷ.

ಹಂತ 6: ಮಾರುವಾಗ ಬರಹದಲ್ಲಿರಲಿ
ಹಕ್ಕು ಪೂರ್ತಿ ಕೊಡುತ್ತಿದ್ದೀರೋ ಬಳಕೆಗಷ್ಟೇ ಅನುಮತಿಯೋ, ಎಷ್ಟು ವರ್ಷ, ಯಾವ ಪ್ರದೇಶಕ್ಕೆ ಎಂಬುದನ್ನೆಲ್ಲ ಬರೆಸಿ. ಸಂಬಳಕ್ಕಿದ್ದು ಮಾಡಿದ ವಿನ್ಯಾಸ ಬೇರೆ ಒಪ್ಪಂದವಿಲ್ಲದಿದ್ದರೆ ಸಾಮಾನ್ಯವಾಗಿ ಮಾಲೀಕರದಾಗುತ್ತದೆ.

ಹಂತ 7: ನಕಲು ಕಂಡರೆ
ಜಗಳಕ್ಕೆ ಇಳಿಯುವ ಮೊದಲು ಒಂದು ಸೀರೆ ಕೊಂಡು ಬಿಲ್ ಪಡೆಯಿರಿ. ಆನ್‌ಲೈನ್ ಆದರೆ ಸ್ಕ್ರೀನ್‌ಶಾಟ್ ತೆಗೆದು ಆ ಜಾಲತಾಣಕ್ಕೆ ದೂರು ಕೊಡಿ. ಆಮೇಲೆ ವಕೀಲರ ನೋಟಿಸ್. ನೋಂದಾಯಿತ ವಿನ್ಯಾಸಕ್ಕೆ ಕಾಯ್ದೆ ನಿಗದಿಪಡಿಸಿದ ಹಣ ಒಂದು ವಿನ್ಯಾಸಕ್ಕೆ ಗರಿಷ್ಠ 50,000 ರೂಪಾಯಿ ಮಾತ್ರ. ಹಾಗಾಗಿ ಪರಿಹಾರ ಮತ್ತು ತಡೆಯಾಜ್ಞೆ ಕೋರಿ ದಾವೆ ಹೂಡುವುದೇ ಹೆಚ್ಚು ಉಪಯುಕ್ತ.

ಮುಂದಿನ ಸೀರೆಯ ಫೋಟೊ ಹಾಕುವ ಮುನ್ನ ಅರ್ಜಿ ಸಲ್ಲಿಸಿದ ರಸೀದಿ ಕೈಯಲ್ಲಿರಲಿ.