ಎಂಜಿನ್ನಿನ ಹೊಟ್ಟೆಯೊಳಗೆ ನೀರು ಹೇಗೆ ಬಂತು?

ಎಂಜಿನ್ ಇರುವ ದೋಣಿಗಳನ್ನು ಮಲ್ಪೆಯಂಥ ಕಡಲ ಊರಿನಲ್ಲಿ ನೋಡಬಹುದು. ನಮ್ಮ ಕೃಷ್ಣಾ ನದಿಯ ಹರಿಗೋಲಿಗೆ ಹುಟ್ಟೇ ಎಂಜಿನ್ನು! ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಾಲದಾದಾಗ ಹಳ್ಳದಿಂದ ನೀರೆತ್ತುವ ಡೀಸೆಲ್ ಎಂಜಿನ್ನು ನೀವೆಲ್ಲ ನೋಡೇ ನೋಡೀರಿ. ದೋಣಿಗೆ ಬರುವ ಈ ರೋಗ ಅದಕ್ಕೂ ಬರುತ್ತದೆ.

ಭತ್ತ ಹಚ್ಚಿ ಎಂಟು ದಿನ ಆಗಿತ್ತು. ನಮ್ಮ ಎಂಜಿನ್ನಿನ ಆಯಿಲ್ ಕಡ್ಡಿ ತೆಗೆದರೆ, ಆಯಿಲ್ ಹಾಲು ಹಾಕಿದ ಚಹಾದಂತೆ ಇತ್ತು. ಗೆರೆಗಿಂತ ಮೇಲೂ ಏರಿತ್ತು. "ಹಾಕಲಾರದ ಆಯಿಲ್ ಹೆಂಗ ಹೆಚ್ಚಾತಲೇ?" ಎಂದರು ಅಪ್ಪ. ಡೀಸೆಲ್ ಸೇರಿದರೂ ಮಟ್ಟ ಏರುತ್ತದೆ, ಆದರೆ ಆಗ ಆಯಿಲ್ ಕಪ್ಪಗೇ ಇದ್ದು ತೆಳ್ಳಗಾಗುತ್ತದೆ, ಡೀಸೆಲ್ ವಾಸನೆ ಬರುತ್ತದೆ. ಬೆಳ್ಳಗಾದರೆ ನೀರು.

ರಾತ್ರಿಯೆಲ್ಲ ಎಂಜಿನ್ ನಿಲ್ಲಿಸಿ, ಮುಂಜಾನೆ ಕೆಳಗಿನ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿದೆವು. ಮೊದಲು ಬಂದದ್ದು ನೀರೇ. ಸಾಂದ್ರತೆಯ ಪಾಠ ನೆನಪು ಮಾಡಿಕೊಳ್ಳಿರಿ: ನೀರಿಗಿಂತ ಎಣ್ಣೆ ಹಗುರ. ಪೂರ್ತಿ ಕಲಸಿಹೋಗಿದ್ದರೆ ನೀರು ಬೇಗ ಬೇರೆ ಆಗುವುದಿಲ್ಲ. ಆಗ ಕಾದ ತಗಡಿನ ಮೇಲೆ ಒಂದೇ ಹನಿ ಬಿಟ್ಟರೆ ಚಟಪಟ ಅನ್ನುತ್ತದೆ. ಇದನ್ನು ದೊಡ್ಡವರು ಮಾಡಲಿ, ನೀವು ದೂರ ನಿಲ್ಲಿರಿ.

ಇನ್ನು ನೀರು ಬಂದ ದಾರಿ. ಸಿಲಿಂಡರಿನ ಸುತ್ತ ತಂಪಿಗಾಗಿ ನೀರು ಹರಿಯುತ್ತದೆ. ಮೇಲೆ ಹೆಡ್ ಗ್ಯಾಸ್ಕೆಟ್, ಕೆಳಗೆ ಲೈನರಿನ ರಬ್ಬರ್ ಉಂಗುರಗಳು ಅದನ್ನು ತಡೆದಿರುತ್ತವೆ. ಮೊದಲು ಬಂದ ಮೆಕ್ಯಾನಿಕ್ ಏನೂ ನೋಡದೆ ಗ್ಯಾಸ್ಕೆಟ್ ಬದಲಿಸಿ ರೊಕ್ಕ ತೊಗೊಂಡು ಹೋದ. ಎರಡೇ ದಿನಕ್ಕೆ ಮತ್ತೆ ಚಹಾ!

ಎರಡನೆಯವರು ಎಂಜಿನ್ ಚಾಲೂ ಮಾಡಿಸಿ, ಹೊರಬರುವ ತಂಪಿನ ನೀರಿನ ಪೈಪನ್ನು ಬಕೀಟಿನಲ್ಲಿ ಮುಳುಗಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಅಥವಾ ಹೆಡ್ ಸೀಳಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿ ಬಿಡದೆ ಗುಳ್ಳೆ ಏಳುತ್ತವೆ. ನಮ್ಮದರಲ್ಲಿ ಗುಳ್ಳೆ ಇರಲಿಲ್ಲ. ಎಂಜಿನ್ ನಿಲ್ಲಿಸಿ, ಪಕ್ಕದ ಮುಚ್ಚಳ ಬಿಚ್ಚಿ, ಕೊಡದಿಂದ ನೀರು ತುಂಬಿ ಬ್ಯಾಟರಿ ಹಿಡಿದು ಕೂತೆವು. ಅರ್ಧ ತಾಸಿನಲ್ಲಿ ಲೈನರಿನ ಬುಡದಿಂದ ಟಪ್ಪಂತ ಒಂದು ಹನಿ! ರಬ್ಬರ್ ಉಂಗುರಗಳು ಗಟ್ಟಿಯಾಗಿ ಸೀಳಿದ್ದವು.

ಒಂದು ಎಚ್ಚರಿಕೆ. ಹ್ಯಾಂಡಲ್ ಅರ್ಧಕ್ಕೆ ಗಟ್ಟಿಯಾಗಿ ನಿಂತರೆ ಜೋರು ಮಾಡಿ ತಿರುವಬೇಡಿರಿ. ಪಿಸ್ಟನ್ ಮೇಲೆ ನೀರು ನಿಂತಿರಬಹುದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಉಂಗುರ ಹಾಕಿ, ಹೊಸ ಆಯಿಲ್ ತುಂಬಿ, ಸ್ವಲ್ಪ ಹೊತ್ತು ಓಡಿಸಿ ಅದನ್ನೂ ಚೆಲ್ಲಿ ಮತ್ತೆ ತುಂಬಿದೆವು. ಅಷ್ಟರಲ್ಲಿ ಮೇಲಿನ ಮಡಿಯ ಸಸಿ ಹಳದಿಯಾಗಿದ್ದವು, ಕೆಳಗಿನ ಎರಡು ಮಡಿ ಉಳಿದವು. ಈಗ ದಿನಾ ಮುಂಜಾನೆ ಕಡ್ಡಿ ನೋಡುವ ಕೆಲಸ ನನ್ನದು.